ಆಸ್ಪತ್ರೆಯೊಳಗಿನ ಕೇರಿಗಳು



ಆಸ್ಪತ್ರೆಯಲ್ಲಿ ಬಡವರು ಗುಂಪಾಗಿ ಸತ್ತಾಗಲೆಲ್ಲ ಸರ್ಕಾರದ ಬಾಯಿಗೆ ಒಂದು ಮಾತು ಬರುತ್ತದೆ. 'ಸಮನ್ವಯದ ಕೊರತೆ'. ಬಹಳ ಸಭ್ಯವಾದ ಮಾತು. ಅದರಲ್ಲಿ ಕೊಂದವನೂ ಇಲ್ಲ, ಸತ್ತವನೂ ಇಲ್ಲ. ಮಳೆ ಕೊರತೆಯಾದ ಹಾಗೆ, ಗೊಬ್ಬರ ಕೊರತೆಯಾದ ಹಾಗೆ ಸಮನ್ವಯವೂ ಕೊರತೆಯಾಯಿತಂತೆ. ಆಕಾಶ ನೋಡಿ ಸುಮ್ಮನಾಗಬೇಕಂತೆ.

ನಾವು ಸುಮ್ಮನಾಗುವುದಿಲ್ಲ. ಈ ಮಾತನ್ನು ಬಿಚ್ಚಿ ನೋಡಬೇಕಾಗಿದೆ. ಒಂದೇ ಸೂರಿನ ಕೆಳಗೆ ಕೆಲಸ ಮಾಡುವ ಡಾಕ್ಟರು, ನರ್ಸು, ಲ್ಯಾಬಿನವರು, ಔಷಧಿ ಕೊಡುವವರು, ಆಯಾ, ಕಸ ಗುಡಿಸುವವರು ಒಬ್ಬರಿಗೊಬ್ಬರು ಯಾಕೆ ಮಾತಾಡುವುದಿಲ್ಲ? ಒಂದು ಇಲಾಖೆಯ ಕಾಗದ ಇನ್ನೊಂದು ಇಲಾಖೆಯ ಬಾಗಿಲು ಯಾಕೆ ದಾಟುವುದಿಲ್ಲ? ಆ ಬಾಗಿಲ ಮುಂದೆ ಕಾದು ಕಾದು ಪ್ರಾಣ ಬಿಡುವವರು ಯಾರು? ಇದು ಆಡಳಿತ ಶಾಸ್ತ್ರದ ಪ್ರಶ್ನೆ, ನಿಮಗೇಕೆ ಅಂತ ಕೆಲವರು ಕೇಳಬಹುದು. ಆಸ್ಪತ್ರೆಯ ನೆಲ ಒರೆಸುವವರು ನಮ್ಮವರು. ಆ ನೆಲದ ಮೇಲೆ ಚಾಪೆ ಹಾಸಿ ಮಲಗುವ ರೋಗಿಗಳೂ ನಮ್ಮವರು. ಹಾಗಾಗಿ ಈ ಪ್ರಶ್ನೆ ನಮ್ಮದೇ.

ಚಾಮರಾಜನಗರದಿಂದಲೇ ಶುರು ಮಾಡೋಣ. 2021ರ ಮೇ 2 ಮತ್ತು 3. ಕೊರೊನಾ ಎರಡನೇ ಸಲ ಬಂದು ಊರು ಕೇರಿ ಎಲ್ಲವನ್ನೂ ಹೊಸಕಿ ಹಾಕುತ್ತಿದ್ದ ದಿನಗಳು. ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಒಂದು ದಿನದೊಳಗೆ 24 ರೋಗಿಗಳು ಸತ್ತರು. ಸಿಲಿಂಡರು ಬರಬೇಕಾಗಿದ್ದದ್ದು ಮೈಸೂರಿನಿಂದ. ದಾರಿ ಸುಮಾರು 60 ಕಿಲೋಮೀಟರು, ಲಾರಿಗೆ ಒಂದೂವರೆ ಗಂಟೆಯ ಹಾದಿ. ಚಾಮರಾಜನಗರ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಕಛೇರಿ ಬೇರೆಯಾಯಿತು, ಬೋರ್ಡು ಬೇರೆಯಾಯಿತು, ಜಿಲ್ಲಾಧಿಕಾರಿಯ ಕಾರು ಬೇರೆಯಾಯಿತು. ಉಸಿರು ಮಾತ್ರ ಮೈಸೂರಿನಿಂದಲೇ ಬರಬೇಕಾಗಿತ್ತು.

ಹೆಣಗಳು ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ಎರಡು ಜಿಲ್ಲೆಗಳ ಆಡಳಿತದ ನಡುವೆ ಜಗಳ ಎದ್ದಿತು. ಅಲ್ಲಿಂದ ಕಳಿಸಲಿಲ್ಲ ಅಂತ ಇವರು, ನಾವು ತಡೆಯಲೇ ಇಲ್ಲ ಅಂತ ಅವರು. ಹೈಕೋರ್ಟು ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ನೇತೃತ್ವದ ಸಮಿತಿಯಿಂದ ವರದಿ ತರಿಸಿತು. ಸರ್ಕಾರ ನಿವೃತ್ತ ನ್ಯಾಯಮೂರ್ತಿ ಬಿ.ಎ. ಪಾಟೀಲರ ಆಯೋಗ ನೇಮಿಸಿತು. ಯಾರ ತಪ್ಪು ಎಷ್ಟು ಅನ್ನುವುದನ್ನು ತೂಗುವ ಕೆಲಸ ಅವರದು. ನಮ್ಮ ಪ್ರಶ್ನೆ ಬೇರೆ. ಸಿಲಿಂಡರು ಖಾಲಿಯಾಗುತ್ತಿರುವುದು ಆ ವಾರ್ಡಿನಲ್ಲಿದ್ದ ಯಾರಿಗೆ ಗೊತ್ತಿರುವುದಿಲ್ಲ? ಸಿಲಿಂಡರು ಉರುಳಿಸಿಕೊಂಡು ಬರುವವನಿಗೆ ಎಲ್ಲರಿಗಿಂತ ಮೊದಲು ಗೊತ್ತಿರುತ್ತದೆ. ಅವನ ಕೈಗೆ ಭಾರ ಗೊತ್ತು, ಹಗುರ ಗೊತ್ತು. ಆದರೆ ಯಾವ ಆಸ್ಪತ್ರೆಯಲ್ಲಾದರೂ ಆ ಕೈಗೆ ಮೇಲಿನವರಿಗೆ ಫೋನು ಮಾಡುವ ಅಧಿಕಾರ ಉಂಟೆ? ಅವನು ಹೇಳಿದ್ದನ್ನು ಬರೆದುಕೊಳ್ಳುವ ಪುಸ್ತಕ ಉಂಟೆ? ಗೊತ್ತಿರುವವನಿಗೆ ಬಾಯಿಲ್ಲ, ಬಾಯಿರುವವನಿಗೆ ಗೊತ್ತಿಲ್ಲ. ಇದಕ್ಕೆ ಅವರು ಇಟ್ಟಿರುವ ಹೆಸರೇ ಸಮನ್ವಯದ ಕೊರತೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. 'ಏನಯ್ಯಾ, ಕೆಲಸ ಹಂಚಿಕೊಳ್ಳದೆ ಆಸ್ಪತ್ರೆ ನಡೆಯುತ್ತದೆಯೆ? ಕಣ್ಣಿನ ಡಾಕ್ಟರು ಹೆರಿಗೆ ಮಾಡಿಸುವುದಕ್ಕೆ ಆಗುತ್ತದೆಯೆ?' ಆಗುವುದಿಲ್ಲ, ಒಪ್ಪೋಣ. ಕೆಲಸ ಹಂಚಿಕೆಯಾಗಲೇಬೇಕು. ಆದರೆ ಕೆಲಸವನ್ನು ಹಂಚುವುದು ಬೇರೆ, ಕೆಲಸಗಾರರನ್ನೇ ಒಡೆದು ಮೆಟ್ಟಿಲು ಮೆಟ್ಟಿಲಾಗಿ ಕೂರಿಸುವುದು ಬೇರೆ ಅನ್ನುವ ವಾದವನ್ನು ಬಾಬಾಸಾಹೇಬರು 1936ರಲ್ಲೇ ಈ ದೇಶದ ಮುಂದಿಟ್ಟರು. ಜಾತಿಯ ವಿಚಾರದಲ್ಲಿ ಅವರು ಕಂಡದ್ದನ್ನು ನೀವು ಯಾವುದೇ ದೊಡ್ಡಾಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ನೋಡಬಹುದು. ಗದ್ದೆಯಲ್ಲಿ ಹತ್ತು ಜನ ಹತ್ತು ಕೆಲಸ ಮಾಡುತ್ತಾರೆ. ಒಬ್ಬ ಪೈರು ಕೀಳುತ್ತಾನೆ, ಒಬ್ಬ ಹೊರುತ್ತಾನೆ, ಹೆಂಗಸರು ನಾಟಿ ಹಾಕುತ್ತಾರೆ. ನೀರು ಹೆಚ್ಚಾದರೆ ಯಾರು ಕಂಡರೂ ಕೂಗುತ್ತಾರೆ. ಕೂಗಿದವಳು ಯಾರು ಅಂತ ನೋಡಿಕೊಂಡು ಮಡೆ ತಿರುಗಿಸುವವನಿಲ್ಲ. ಆಸ್ಪತ್ರೆಯಲ್ಲಿ ಕೂಗಿದವಳು ಯಾರು ಅನ್ನುವುದೇ ಮೊದಲ ಪ್ರಶ್ನೆ.

ಒಂದು ವಾರ್ಡನ್ನೇ ತಗೊಳ್ಳಿ. ಬೆಳಿಗ್ಗೆ ದೊಡ್ಡ ಡಾಕ್ಟರು ಬರುತ್ತಾರೆ, ಹಿಂದೆ ಚಿಕ್ಕ ಡಾಕ್ಟರುಗಳ ಸಾಲು, ಅವರ ಹಿಂದೆ ಸಿಸ್ಟರು ಫೈಲು ಹಿಡಿದು. ದೊಡ್ಡವರು ಚಿಕ್ಕವರಿಗೆ ಹೇಳುತ್ತಾರೆ, ಚಿಕ್ಕವರು ಸಿಸ್ಟರಿಗೆ ಹೇಳುತ್ತಾರೆ, ಸಿಸ್ಟರು ಆಯಾಗೆ ಹೇಳುತ್ತಾರೆ. ಮಾತು ನೀರಿನ ಹಾಗೆ ಕೆಳಕ್ಕೆ ಹರಿಯುತ್ತದೆ, ಮೇಲಕ್ಕೆ ಹತ್ತುವುದಿಲ್ಲ. ರಾತ್ರಿಯೆಲ್ಲ ಆ ಮುದುಕ ಉಸಿರಿಗೆ ಒದ್ದಾಡಿದ್ದನ್ನು ಕಂಡವಳು ಆಯಾ. ಮೂರನೇ ಹಾಸಿಗೆಯ ಹುಡುಗಿ ಮಾತ್ರೆ ನುಂಗದೆ ದಿಂಬಿನ ಕೆಳಗೆ ಇಡುತ್ತಾಳೆ ಅನ್ನುವುದು ಹಾಸಿಗೆ ಕೊಡವುವವಳಿಗೆ ಗೊತ್ತು. ಬಾಣಂತಿಗೆ ರಕ್ತ ಎಷ್ಟು ಹೋಯಿತು ಅಂತ ಬಟ್ಟೆ ಎತ್ತಿದವಳಿಗೆ ಗೊತ್ತು. ಯಾರಾದರೂ ಅವಳನ್ನು ಕೇಳಿದರೆ? ಕೇಳುವುದಿಲ್ಲ. ಅವಳಾಗಿ ಹೇಳಿದರೆ, 'ನಿನ್ನ ಕೆಲಸ ನೋಡಿಕೋ ಹೋಗಮ್ಮ.'

ನರ್ಸುಗಳ ಗತಿಯೂ ಅಷ್ಟೇ. ಮಲ ಮೂತ್ರ ರಕ್ತ ಮುಟ್ಟುವ ಕೆಲಸ ಅಂತ ಈ ನಾಡಿನ ಮೇಲುಜಾತಿಯ ಮನೆಗಳು ಬಹಳ ಕಾಲ ನರ್ಸಿನ ಕೆಲಸವನ್ನು ಕೀಳಾಗಿ ಕಂಡವು. ಹೆಂಗಸು, ಮೇಲೆ ಮೈಲಿಗೆ ಮುಟ್ಟುವವಳು. ಇಂಥವಳ ಮಾತಿಗೆ ಯಾವ ತೂಕ? ಹೀಗಾಗಿ ಹತ್ತಿಪ್ಪತ್ತು ವರ್ಷ ವಾರ್ಡಿನಲ್ಲಿ ದುಡಿದ ಸಿಸ್ಟರು, ನಿನ್ನೆ ಬಂದ ಹುಡುಗ ಡಾಕ್ಟರು ತಪ್ಪು ಬರೆದದ್ದನ್ನು ಕಂಡರೂ, ಹೇಗೆ ಹೇಳುವುದು ಅಂತ ಯೋಚಿಸುತ್ತಾ ನಿಲ್ಲುತ್ತಾರೆ. ಆ ಯೋಚನೆಯ ಎರಡು ನಿಮಿಷಕ್ಕೆ ಬೆಲೆ ಕಟ್ಟುವವನು ಹಾಸಿಗೆಯ ಮೇಲೆ ಮಲಗಿರುತ್ತಾನೆ. ಸೂಲಗಿತ್ತಿಯರದೂ ಇದೇ ಕಥೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟರು. ಒಳ್ಳೆಯದೇ. ಆದರೆ ಅಂಥ ಸಾವಿರಾರು ತಾಯಂದಿರು ಕೈಯಲ್ಲಿ ಕಲಿತ ವಿದ್ಯೆಯನ್ನು ಯಾವ ಹೆರಿಗೆ ವಾರ್ಡು ಕೂರಿಸಿಕೊಂಡು ಕೇಳಿತು? ಹಾರ ಹಾಕುವುದು ಸುಲಭ. ಪಕ್ಕದಲ್ಲಿ ಕುರ್ಚಿ ಹಾಕುವುದು ಕಷ್ಟ.

ಶವಾಗಾರಕ್ಕೆ ಹೋಗಿ ನೋಡಿ. ಹಲವು ಕಡೆ ಹೆಣ ಕೊಯ್ಯುವ ಕೈ ಒಂದು, ವರದಿಗೆ ಸಹಿ ಹಾಕುವ ಕೈ ಇನ್ನೊಂದು. ಕೊಯ್ಯುವ ಕೈ ಯಾವ ಕೇರಿಯಿಂದ ಬಂದದ್ದು ಅಂತ ನಾವು ಬಿಡಿಸಿ ಹೇಳಬೇಕಾಗಿಲ್ಲ. ಓದುವ ಕಡೆಯೂ ಇದೇ ಗೋಡೆ. ದೆಹಲಿಯ ದೊಡ್ಡ ವೈದ್ಯ ಸಂಸ್ಥೆ ಏಮ್ಸ್‌ನಲ್ಲಿ ನಮ್ಮ ಹುಡುಗರ ಮೇಲೆ ನಡೆಯುವ ತಾರತಮ್ಯವನ್ನು ನೋಡಲು ಸುಖದೇವ ಥೋರಟ್ ಅವರ ಸಮಿತಿಯನ್ನು ನೇಮಿಸಬೇಕಾಯಿತು. 2007ರಲ್ಲಿ ವರದಿ ಬಂತು. ತರಗತಿಯಲ್ಲಿ, ಹಾಸ್ಟೆಲಿನಲ್ಲಿ, ಊಟದ ಮೇಜಿನಲ್ಲಿ ಬೇರೆ ಕೂರಿಸುವುದು ಅದರಲ್ಲಿ ದಾಖಲಾಗಿದೆ. ಹುಡುಗರಾಗಿದ್ದಾಗ ಒಂದೇ ಮೇಜಿನಲ್ಲಿ ಉಣ್ಣದವರು ಡಾಕ್ಟರಾದ ಮೇಲೆ ಒಂದೇ ವಾರ್ಡಿನಲ್ಲಿ ಮನಸ್ಸು ಬಿಚ್ಚಿ ಮಾತಾಡುತ್ತಾರೆ ಅಂತ ನಂಬುವುದು ಹೇಗೆ?

ಈಗ ಗುತ್ತಿಗೆ ಪದ್ಧತಿಯ ವಿಚಾರಕ್ಕೆ ಬರೋಣ. ಹಿಂದೆ ಆಸ್ಪತ್ರೆಯ ಜಾಡಮಾಲಿ ಕೊನೆಯ ಮೆಟ್ಟಿಲಲ್ಲಾದರೂ ಆಸ್ಪತ್ರೆಯವನೇ ಆಗಿದ್ದ. ಈಗ ಅನೇಕ ಆಸ್ಪತ್ರೆಗಳಲ್ಲಿ ಅವನು ಗುತ್ತಿಗೆದಾರನ ಆಳು. ಅವನಿಗೆ ಕೆಲಸ ಹೇಳುವವರು ಸಿಸ್ಟರು, ಸಂಬಳ ಕೊಡುವವನು ಎಲ್ಲೋ ಇರುವ ಏಜೆನ್ಸಿಯವನು, ಹಾಜರಿ ಹಾಕುವವನು ಸೂಪರ್‌ವೈಸರು. ಮೂರು ಯಜಮಾನರು. ಕಷ್ಟ ಬಂದಾಗ ಒಬ್ಬನೂ ಇಲ್ಲ.

ನಮ್ಮ ಕೇರಿಯ ಹೆಣ್ಣುಮಗಳೊಬ್ಬಳ ಸಂಗತಿ ಹೇಳುತ್ತೇವೆ. ಊರಿನ, ಆಸ್ಪತ್ರೆಯ ಹೆಸರು ಬೇಡ. ಅವಳ ಹೊಟ್ಟೆಪಾಡು ಇನ್ನೂ ಅಲ್ಲೇ ಇದೆ. ಕಸದ ಚೀಲ ಕಟ್ಟುವಾಗ ಅವಳ ಅಂಗೈಗೆ ಸೂಜಿ ಚುಚ್ಚಿತು. ಯಾರಿಗೋ ಚುಚ್ಚಿ ತೆಗೆದ ಸೂಜಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸೂಜಿ ಹೋಗಬೇಕಾದದ್ದು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ರಕ್ತದ ಹತ್ತಿ, ಕಸ, ಮಾಸು ಹಳದಿ ಚೀಲಕ್ಕೆ. ಪ್ಲಾಸ್ಟಿಕ್ ಕೊಳವೆ ಕೆಂಪು ಚೀಲಕ್ಕೆ. ಗಾಜು ನೀಲಿ ಡಬ್ಬಿಗೆ. ಗೋಡೆಯ ಮೇಲೆ ಬಣ್ಣ ಬಣ್ಣದ ಚಾರ್ಟೂ ಇತ್ತು. ಆದರೆ ಅವಸರದಲ್ಲಿದ್ದ ಯಾರೋ ಓದಿದವರು ಅದನ್ನು ಹಳದಿ ಚೀಲಕ್ಕೆ ಹಾಕಿದರು. ಹಾಕಿದವರು ಮೇಲಿನ ಮೆಟ್ಟಿಲವರು, ಚುಚ್ಚಿಸಿಕೊಂಡವಳು ಕೆಳಗಿನ ಮೆಟ್ಟಿಲವಳು.

ಅವಳು ಸೂಪರ್‌ವೈಸರಿಗೆ ಹೇಳಿದಳು. ಏಜೆನ್ಸಿಗೆ ಹೇಳಬೇಕು ಅಂದ. ಏಜೆನ್ಸಿಯವನು, ಆಸ್ಪತ್ರೆಯೊಳಗೆ ಆದದ್ದು, ಆಸ್ಪತ್ರೆಯವರೇ ನೋಡಬೇಕು ಅಂದ. ಆಸ್ಪತ್ರೆಯವರು, ಅವಳು ನಮ್ಮ ಸ್ಟಾಫ್ ಅಲ್ಲ, ಚೀಟಿ ಮಾಡಿಸಿ ಹೊರರೋಗಿಯಾಗಿ ಬರಲಿ ಅಂದರು. ಚೀಟಿಯ ಸಾಲು, ಲ್ಯಾಬಿನ ಸಾಲು, ಲ್ಯಾಬಿನವರು ಕೇಳಿದ ಸಹಿ, ಸಹಿ ಹಾಕುವವರ ರಜೆ. ಹೀಗೆ ತಾನು ದಿನಾ ಗುಡಿಸುವ ಕಾರಿಡಾರಿನಲ್ಲೇ ಅವಳು ಬಾಗಿಲಿಂದ ಬಾಗಿಲಿಗೆ ಅಲೆದಳು.

ಗೆಳೆಯರೇ, ಇಲ್ಲಿ ಒಂದು ವಿಷಯ ಎಲ್ಲರೂ ತಿಳಿದುಕೊಂಡಿರಬೇಕು. ಏಡ್ಸ್ ರೋಗಾಣುವಿರುವ ರಕ್ತದ ಸೂಜಿ ಚುಚ್ಚಿದೆಯೆಂಬ ಅನುಮಾನವಿದ್ದರೆ ಅದನ್ನು ತಡೆಯುವ ಮಾತ್ರೆ ಇದೆ. ಅದನ್ನು ಆದಷ್ಟು ಬೇಗ, ಸಾಧ್ಯವಾದರೆ ಎರಡು ಗಂಟೆಯೊಳಗೆ ಶುರು ಮಾಡಬೇಕು. ಕೊನೆಯ ಗಡುವು 72 ಗಂಟೆ. ಆಮೇಲೆ 28 ದಿನ ಬಿಡದೆ ನುಂಗಬೇಕು. 72 ಗಂಟೆ ಅಂದರೆ ಮೂರು ದಿನ. ಅವಳ ಕಾಗದ ಮೇಜಿಂದ ಮೇಜಿಗೆ ಹೋಗಿ ಮುಟ್ಟುವಷ್ಟರಲ್ಲಿ ಮೂರು ದಿನ ದಾಟಿತ್ತು. ಅದೇ 2016ರ ನಿಯಮಗಳಲ್ಲಿ ಇನ್ನೊಂದು ಮಾತೂ ಇದೆ. ಈ ತ್ಯಾಜ್ಯ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು, ತರಬೇತಿ ಕೊಡಬೇಕು. 'ಎಲ್ಲರಿಗೂ' ಅಂದರೆ ಗುತ್ತಿಗೆಯವರಿಗೂ. ಅವಳಿಗೆ ಆ ಲಸಿಕೆಯ ಹೆಸರೂ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಕಾನೂನಿನ ಫೈಲು ಒಂದು ಕೋಣೆಯಲ್ಲಿ, ಲಸಿಕೆ ಇನ್ನೊಂದು ಕೋಣೆಯಲ್ಲಿ, ಅವಳ ತೋಳು ಮೂರನೇ ಕಡೆ. ಮೂರೂ ಸೇರಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ಒಂದೊಂದು ರಕ್ತ ಪರೀಕ್ಷೆಗೂ ಅವಳು ಹೇಗೆ ನಡೆದುಕೊಂಡು ಹೋಗಿ ಬಂದಳು ಅನ್ನುವುದನ್ನು ಯಾವ ವರದಿಯೂ ಬರೆಯುವುದಿಲ್ಲ.

ಇದು ಒಂದು ಆಸ್ಪತ್ರೆಯ, ಒಬ್ಬ ಅಧಿಕಾರಿಯ ದುಷ್ಟತನವಾಗಿದ್ದರೆ ಅವನನ್ನು ಬದಲಾಯಿಸಿ ಅಂತ ಕೇಳಿ ಸುಮ್ಮನಾಗಬಹುದಿತ್ತು. ಆದರೆ ಈ ಗೋಡೆಗಳಿಗೆ ದೊಡ್ಡ ಇತಿಹಾಸವೇ ಇದೆ.

1946ರಲ್ಲಿ ಭೋರ್ ಸಮಿತಿಯ ವರದಿ ಬಂತು. ರೋಗ ಬಾರದಂತೆ ತಡೆಯುವುದು, ಬಂದ ರೋಗ ಗುಣ ಮಾಡುವುದು ಎರಡೂ ಒಂದೇ ಕಡೆ ಸಿಗಬೇಕು, ಹಳ್ಳಿಯ ಜನಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕು ಅಂತ ಅದು ಹೇಳಿತು. ಆಮೇಲೆ ಆದದ್ದೇನು? ಒಂದೊಂದು ರೋಗಕ್ಕೆ ಒಂದೊಂದು ಇಲಾಖೆ. ಮಲೇರಿಯಾದವನು ಬಂದು ಗೋಡೆಯ ಮೇಲೆ ದಿನಾಂಕ ಬರೆದು ಹೋಗುತ್ತಿದ್ದ. ಸಿಡುಬಿನವನು ಬಂದು ತೋಳು ಗೀಚಿ ಹೋಗುತ್ತಿದ್ದ. ಕುಟುಂಬ ಯೋಜನೆಯವರು ಬಂದು ಮಕ್ಕಳೆಷ್ಟು ಅಂತ ಎಣಿಸಿ ಹೋಗುತ್ತಿದ್ದರು. ಹಟ್ಟಿಯ ಮೂಲೆಯಲ್ಲಿ ಭೇದಿಯಾಗಿ ಬಾಡಿ ಬಿದ್ದ ಮಗು ಯಾರ ಪಟ್ಟಿಯಲ್ಲೂ ಇರಲಿಲ್ಲ. 1967ರಲ್ಲಿ ಜುಂಗಲ್‌ವಾಲಾ ಸಮಿತಿ ಸೇವೆಗಳೆಲ್ಲ ಒಂದಾಗಬೇಕು ಅಂತ ಹೇಳಿತು. 1973ರಲ್ಲಿ ಕರ್ತಾರ್ ಸಿಂಗ್ ಸಮಿತಿ ಈ ಬಿಡಿ ಬಿಡಿ ಕೆಲಸಗಾರರನ್ನು ಸೇರಿಸಿ, ಎಲ್ಲ ಕೆಲಸ ಮಾಡುವ ಒಬ್ಬ ಗಂಡು, ಒಬ್ಬ ಹೆಣ್ಣು ಆರೋಗ್ಯ ಕಾರ್ಯಕರ್ತರನ್ನು ಹಳ್ಳಿಗಳಿಗೆ ಕೊಡಿ ಅಂತ ಹೇಳಿತು. ನೋಡಿ, ಮೇಲಿನವರಿಗೆ ಈ ರೋಗ ಗೊತ್ತೇ ಇಲ್ಲವೆಂದಲ್ಲ. ಇಪ್ಪತ್ತೇಳು ವರ್ಷದಲ್ಲಿ ಮೂರು ಸಲ ತಾವೇ ನಾಡಿ ಹಿಡಿದು ನೋಡಿ ಚೀಟಿ ಬರೆದಿದ್ದಾರೆ.

ನಮ್ಮ ನಾಡಿನಲ್ಲೇ ನಡೆದ ಒಂದು ಕೆಲಸವನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಆಗ ಪಟ್ಟಣದ ಪಂಡಿತರ ನಂಬಿಕೆ ಏನೆಂದರೆ, ಹಳ್ಳಿಯ ಮೂಢರಿಗೆ ಕೆಮ್ಮಿದರೂ ರೋಗವೆಂದು ತಿಳಿಯುವುದಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಅಂತ. ಆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬುವರು ತುಮಕೂರು ಜಿಲ್ಲೆಯಲ್ಲಿ ಕ್ಷಯ ಇರುವವರ ಮನೆಗೇ ಹೋಗಿ ಕೇಳಿದರು. 1963ರಲ್ಲಿ ಅದು ಪ್ರಕಟವಾಯಿತು. ಹೆಚ್ಚಿನವರಿಗೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಅಂತ ಚೆನ್ನಾಗಿ ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿಬಂದಿದ್ದರು. ಸರ್ಕಾರಿ ಆಸ್ಪತ್ರೆಗೆ ಹೋದವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ! ಕಫ ಪರೀಕ್ಷೆಯಿಲ್ಲ, ಕ್ಷಯದ ಮಾತಿಲ್ಲ. ಯಾಕೆಂದರೆ ಕ್ಷಯ ಬೇರೆಯವರ ಕೆಲಸ, ಪಟ್ಟಣದಲ್ಲಿದ್ದ ಕ್ಷಯದ ಆಸ್ಪತ್ರೆಯವರ ಕೆಲಸ. ಬಡವ ನಡೆದು ಬಂದಿದ್ದ. ಆಸ್ಪತ್ರೆ ತನ್ನ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ನಡೆದಿರಲಿಲ್ಲ. ತಪ್ಪು ಮಾತ್ರ ಬಡವನ ತಲೆಯ ಮೇಲೆ. ಈ ಸಂಸ್ಥೆಯ ಕೆಲಸದಿಂದಲೇ, ಕ್ಷಯದ ಚಿಕಿತ್ಸೆ ಪ್ರತಿಯೊಂದು ಸಾಮಾನ್ಯ ಆಸ್ಪತ್ರೆಯಲ್ಲೂ ಸಿಗಬೇಕು ಅನ್ನುವ ನೀತಿ ಈ ದೇಶಕ್ಕೆ ಬಂತು. ಗೋಡೆ ಒಡೆಯಬಹುದು ಅನ್ನುವುದಕ್ಕೆ ಇದೂ ಒಂದು ಸಾಕ್ಷಿ. ಒಡೆಯಲು ಮಾಡಬೇಕಾದ ಮೊದಲ ಕೆಲಸ, ರೋಗಿಯ ಮನೆಗೆ ಹೋಗಿ ಅವನನ್ನೇ ಕೇಳುವುದು.

ಇವತ್ತಿನ ಹಳ್ಳಿಗೆ ಬನ್ನಿ. 1975ರಲ್ಲಿ ಮಕ್ಕಳ ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಟಿ. ನರಸೀಪುರದಲ್ಲಿ. ಅಂಗನವಾಡಿ ಕಾರ್ಯಕರ್ತೆ ಮಹಿಳಾ ಮತ್ತು ಮಕ್ಕಳ ಇಲಾಖೆಗೆ ಸೇರಿದವಳು. ಊರ ನರ್ಸಮ್ಮ ಆರೋಗ್ಯ ಇಲಾಖೆಗೆ ಸೇರಿದವಳು. 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ಆಶಾ ಯಾವ ಇಲಾಖೆಯ ನೌಕರಳೂ ಅಲ್ಲ. ಅವಳು 'ಸ್ವಯಂಸೇವಕಿ'ಯಂತೆ, ಅವಳಿಗೆ ಕೊಡುವುದು ಸಂಬಳವಲ್ಲ, ಗೌರವಧನವಂತೆ, ಪ್ರೋತ್ಸಾಹಧನವಂತೆ. ಒಂದೇ ಮಗುವಿನ ತೂಕವನ್ನು ಇವರೆಲ್ಲ ಬೇರೆ ಬೇರೆ ಪುಸ್ತಕದಲ್ಲಿ, ಈಗ ಬೇರೆ ಬೇರೆ ಮೊಬೈಲಿನಲ್ಲಿ ಬರೆಯುತ್ತಾರೆ. ಅಂಕಿಗಳು ಬೇರೆ ಬೇರೆ ದಾರಿಯಲ್ಲಿ ಬೆಂಗಳೂರಿಗೆ ಹೋಗುತ್ತವೆ. ಮಗು ಮಾತ್ರ ಹಟ್ಟಿಯಲ್ಲೇ ಇರುತ್ತದೆ. ಬಸುರಿಯನ್ನು ಒಂಬತ್ತು ತಿಂಗಳು ನೋಡಿಕೊಂಡ ಆಶಾ, ರಾತ್ರಿ ಎರಡು ಗಂಟೆಗೆ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಬಂದರೆ, 'ನೀನು ಹೊರಗೆ ನಿಂತಿರು' ಅನ್ನುತ್ತಾರೆ. ಆ ಬಸುರಿಗೆ ಯಾವ ತಿಂಗಳಲ್ಲಿ ರಕ್ತ ಕಮ್ಮಿ ಇತ್ತು, ಹಿಂದಿನ ಹೆರಿಗೆಯಲ್ಲಿ ಏನಾಯಿತು ಅನ್ನುವುದೆಲ್ಲ ಬಾಗಿಲ ಹೊರಗೆ ಚಳಿಯಲ್ಲಿ ನಿಂತಿರುತ್ತದೆ. ಒಳಗೆ ಹೋಗುವುದು ತಾಯಿ ಕಾರ್ಡು ಮಾತ್ರ. ಅದನ್ನೂ ಓದಲು ಪುರುಸೊತ್ತಿರುವವರು ಇದ್ದರೆ.

ನೀವೇ ಲೆಕ್ಕ ಹಾಕಿ. ದೊಡ್ಡಾಸ್ಪತ್ರೆಯಲ್ಲಿ ಈ ಕೋಣೆಯಿಂದ ಆ ಕೋಣೆಗೆ ಕಾಗದ ಒಯ್ಯುವವರು ಯಾರು? ರಕ್ತದ ಬಾಟಲಿ ಹಿಡಿದು ಓಡುವವರು ಯಾರು? ಎಕ್ಸರೇ ತಂದು ತೋರಿಸುವವರು ಯಾರು? ರೋಗಿಯ ಅಣ್ಣ, ತಮ್ಮ, ಹೆಂಡತಿ. ಇಲಾಖೆಗಳು ಒಂದರೊಡನೊಂದು ಮಾತು ಬಿಟ್ಟಿರುವುದರಿಂದ ಓದು ಬಾರದ ನಮ್ಮ ಜನ ಅವರ ನಡುವಿನ ಟಪಾಲಿನವರಾಗಿದ್ದಾರೆ. ಕೂಲಿ ಬಿಟ್ಟು, ಬೋರ್ಡು ಓದಲಾರದೆ, ಯಾರನ್ನು ಕೇಳಿದರೂ ಬೈಸಿಕೊಂಡು. ದುಡ್ಡಿದ್ದವನಿಗೆ ಈ ಗೋಡೆಗಳು ಕಾಣಿಸುವುದೇ ಇಲ್ಲ. ಒಂದು ಫೋನಿನಲ್ಲಿ ಅವನಿಗೆ ಎಲ್ಲ ಬಾಗಿಲೂ ತೆರೆಯುತ್ತವೆ. ಗೋಡೆ ಕಟ್ಟಿರುವುದೇ ಕೆಳಗಿನವರಿಗಾಗಿ.

ಗೋಡೆ ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ಲೆಕ್ಕವಿದೆ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್ನಿಗೆ ಒಂದು ಪಟ್ಟಿ ಕೊಟ್ಟಿತು. 19 ಅಂಶಗಳ ಒಂದು ಹಾಳೆ. ಅದರಲ್ಲಿ ಒಂದು ಅಂಶ ಏನು ಗೊತ್ತೆ? ಚಾಕು ಹಾಕುವ ಮುನ್ನ ಆ ಕೋಣೆಯಲ್ಲಿರುವ ಎಲ್ಲರೂ ತಮ್ಮ ಹೆಸರು ಮತ್ತು ಕೆಲಸ ಹೇಳಬೇಕು. ಅಷ್ಟೇ! ದೆಹಲಿ ಸೇರಿ ಎಂಟು ದೇಶಗಳ ಎಂಟು ಊರುಗಳ ಆಸ್ಪತ್ರೆಗಳಲ್ಲಿ ಈ ಪಟ್ಟಿಯನ್ನು ಪರೀಕ್ಷಿಸಿದರು. 2009ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಮೊದಲು ಸಾವಿರಕ್ಕೆ 15 ಜನ ಸಾಯುತ್ತಿದ್ದಲ್ಲಿ ಆಮೇಲೆ 8 ಜನ ಸತ್ತರು. ಹೊಸ ಯಂತ್ರ ತರಲಿಲ್ಲ, ಹೊಸ ಔಷಧಿ ಕಂಡುಹಿಡಿಯಲಿಲ್ಲ. ಆದರೆ ಕೆನಡಾದ ಒಂಟೇರಿಯೋದಲ್ಲಿ ನೂರಕ್ಕೂ ಹೆಚ್ಚು ಆಸ್ಪತ್ರೆಗಳಿಗೆ ಇದೇ ಪಟ್ಟಿ ತಂದಾಗ ಹೇಳಿಕೊಳ್ಳುವಂಥ ಇಳಿಕೆ ಆಗಲಿಲ್ಲ ಅಂತ 2014ರಲ್ಲಿ ಇನ್ನೊಂದು ಲೆಕ್ಕ ಬಂತು. ಎರಡನ್ನೂ ಕೂಡಿಸಿ ಓದಬೇಕು. ಹಾಳೆಯ ಮೇಲೆ ಟಿಕ್ಕು ಹಾಕಿದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ. ಕೆಳಗಿನವನು ಬಾಯಿ ಬಿಡಬೇಕು, ಮೇಲಿನವನು ಕಿವಿ ಕೊಡಬೇಕು. ಹಾಳೆ ಅದಕ್ಕೊಂದು ನೆಪ, ಅಷ್ಟೇ.

ಹೆಸರಿನ ಮಾತು ಬಂದದ್ದರಿಂದ ಹೇಳುತ್ತೇವೆ. ನಮ್ಮ ಆಸ್ಪತ್ರೆಗಳಲ್ಲಿ ಟ್ರಾಲಿ ತಳ್ಳುವವನ ಹೆಸರು 'ಏಯ್'. ಕಸ ಗುಡಿಸುವವಳ ಹೆಸರು 'ಏ ಇವಳೇ'. ಇಪ್ಪತ್ತು ವರ್ಷ ಒಂದೇ ವಾರ್ಡಿನಲ್ಲಿ ದುಡಿದವಳ ಹೆಸರು ಆ ವಾರ್ಡಿನ ಡಾಕ್ಟರಿಗೆ ಗೊತ್ತಿಲ್ಲ. 2020ರ ಮೇ 3ರಂದು ವಿಮಾನಪಡೆಯವರು ಹೆಲಿಕಾಪ್ಟರಿನಿಂದ ಆಸ್ಪತ್ರೆಗಳ ಮೇಲೆ ಹೂವು ಸುರಿದರು. ನೆಲಕ್ಕೆ ಬಿದ್ದ ಆ ಹೂವನ್ನು ಗುಡಿಸಿದವಳ ಹೆಸರನ್ನು ಆ ದಿನವಾದರೂ ಯಾರಾದರೂ ಕೇಳಿದರೋ ಇಲ್ಲವೋ.

ಇನ್ನು ಸಂಘಗಳ ವಿಚಾರ. ಡಾಕ್ಟರಿಗೊಂದು ಸಂಘ, ನರ್ಸುಗಳಿಗೊಂದು ಸಂಘ, ಡಿ ಗ್ರೂಪಿನವರಿಗೊಂದು, ಗುತ್ತಿಗೆಯವರಿಗೊಂದು, ಆಶಾ ತಾಯಂದಿರಿಗೊಂದು, ಅಂಗನವಾಡಿಗೊಂದು. ಸಂಘ ಬೇಕು, ಅದು ಹಕ್ಕು. ಆದರೆ ಒಬ್ಬರು ಬಿಸಿಲಲ್ಲಿ ಧರಣಿ ಕೂತಾಗ ಇನ್ನೊಬ್ಬರು ಕಿಟಕಿಯಿಂದ ನೋಡುತ್ತಾರೆ. ಖಾಯಂ ನೌಕರ ಗುತ್ತಿಗೆಯವನನ್ನು ಕಂಡು ಮೂಗು ಮುರಿಯುತ್ತಾನೆ. ಇಬ್ಬರೂ ಒಂದೇ ಕೇರಿಯಿಂದ ಬಂದವರಾಗಿದ್ದರೂ! ಗುತ್ತಿಗೆದಾರನಿಗೆ ಇದಕ್ಕಿಂತ ಸಂತೋಷ ಬೇರೇನು ಬೇಕು? ಜಾತಿ ಕಲಿಸಿದ ಪಾಠ ಇದೇ ತಾನೆ. ಪ್ರತಿಯೊಬ್ಬನಿಗೂ ತನ್ನ ಕೆಳಗೆ ಇನ್ನೊಬ್ಬನಿದ್ದಾನೆ ಅನ್ನುವ ಸಮಾಧಾನ ಕೊಟ್ಟು, ಮೇಲಿರುವವನ ಕಡೆ ಕತ್ತು ಎತ್ತದಂತೆ ಮಾಡುವುದು.

ಆದ್ದರಿಂದ ಅವರು ಹೇಳುವ 'ಸಮನ್ವಯ ಸಭೆ'ಗಳಲ್ಲಿ ನಮಗೆ ನಂಬಿಕೆಯಿಲ್ಲ. ಬಿಸ್ಕತ್ತು ಟೀ ಇಟ್ಟು ಅಧಿಕಾರಿಗಳು ಅಧಿಕಾರಿಗಳ ಜೊತೆ ಮಾತಾಡಿ ಏಳುತ್ತಾರೆ. ನಾವು ಕೇಳುವುದು ಇಷ್ಟು:

1. ಪ್ರತಿ ವಾರ್ಡಿನ ಬಾಗಿಲಲ್ಲಿ ಆ ಪಾಳಿಯಲ್ಲಿ ಇರುವ ಎಲ್ಲರ ಹೆಸರೂ ಇರಬೇಕು. ಡಾಕ್ಟರಿಂದ ಹಿಡಿದು ಗುಡಿಸುವವರವರೆಗೆ, ಖಾಯಂ ಆಗಲಿ ಗುತ್ತಿಗೆಯಾಗಲಿ, ಒಂದೇ ಗಾತ್ರದ ಅಕ್ಷರದಲ್ಲಿ.

2. ಪಾಳಿ ಬದಲಾಗುವಾಗ ಆಯಾ ಮತ್ತು ಸ್ವಚ್ಛತಾ ಕೆಲಸಗಾರರೂ ಜೊತೆಗೆ ನಿಂತು ತಾವು ಕಂಡದ್ದನ್ನು ಹೇಳಬೇಕು. ಹೇಳಿದ್ದನ್ನು ರಿಜಿಸ್ಟರಿನಲ್ಲಿ ಬರೆಯಬೇಕು.

3. ಆರೋಗ್ಯ ರಕ್ಷಾ ಸಮಿತಿಗಳಲ್ಲಿ, ಸೋಂಕು ತಡೆ ಸಮಿತಿಗಳಲ್ಲಿ ಸ್ವಚ್ಛತಾ ಕೆಲಸಗಾರರಿಗೆ ಮತ್ತು ಆಶಾಗಳಿಗೆ ಸ್ಥಾನ ಬೇಕು. ಅವರನ್ನು ಅವರವರೇ ಆರಿಸಬೇಕು. ಮೇಲಿನವರು ತಮಗೆ ಬೇಕಾದವರನ್ನು ಕೂರಿಸುವುದಲ್ಲ.

4. ಸೂಜಿ ಚುಚ್ಚಿದ ಕೆಲಸಗಾರರಿಗೆ ಅದೇ ಆಸ್ಪತ್ರೆಯಲ್ಲಿ, ಅದೇ ಗಂಟೆಯಲ್ಲಿ, ಚೀಟಿಯಿಲ್ಲದೆ ಚಿಕಿತ್ಸೆ ಶುರುವಾಗಬೇಕು. ದುಡ್ಡು ಯಾರು ಕೊಡಬೇಕು ಅನ್ನುವ ಜಗಳವನ್ನು ಆಮೇಲೆ ಆಡಿಕೊಳ್ಳಲಿ. ಲಸಿಕೆ ಹಾಕಿಸದೆ ಯಾರ ಕೈಗೂ ಕಸದ ಚೀಲ ಕೊಡಕೂಡದು.

5. ಆಸ್ಪತ್ರೆಯ ಸ್ವಚ್ಛತಾ ಕೆಲಸದಲ್ಲಿ ಗುತ್ತಿಗೆ ಪದ್ಧತಿ ಹೋಗಬೇಕು. ಆಸ್ಪತ್ರೆಗಾಗಿ ದುಡಿಯುವವರು ಆಸ್ಪತ್ರೆಯವರೇ.

6. ಆಶಾ, ನರ್ಸಮ್ಮ, ಅಂಗನವಾಡಿ ಮೂವರಿಗೂ ಒಂದೇ ದಾಖಲೆ ಇರಬೇಕು. ಆಶಾಗಳಿಗೆ ಸಂಬಳ ಬೇಕು. ಬಸುರಿಯನ್ನು ಕರೆತಂದ ಆಶಾಳ ಮಾತನ್ನು ಕೇಳಿಯೇ ಆಸ್ಪತ್ರೆ ಕೇಸು ಬರೆದುಕೊಳ್ಳಬೇಕು.

7. ಪ್ರತಿ ರಾತ್ರಿ, ಪ್ರತಿ ಜಿಲ್ಲೆಯಲ್ಲಿ, ಆಮ್ಲಜನಕ, ರಕ್ತ, ಆಂಬ್ಯುಲೆನ್ಸು ಮೂರಕ್ಕೂ ಹೊಣೆ ಹೊರುವ ಒಬ್ಬ ಅಧಿಕಾರಿಯ ಹೆಸರು ಆಸ್ಪತ್ರೆಯ ಗೇಟಿನಲ್ಲಿ ಬರೆದಿರಬೇಕು. ನಾಳೆ ಬೆಳಿಗ್ಗೆ ಯಾರನ್ನು ಕೇಳಬೇಕು ಅಂತ ನಮಗೆ ಇವತ್ತು ರಾತ್ರಿಯೇ ಗೊತ್ತಿರಬೇಕು.

ಇವುಗಳಲ್ಲಿ ಎರಡು ಮೂರು ಬಿಟ್ಟರೆ ಉಳಿದದ್ದಕ್ಕೆ ದುಡ್ಡೇ ಬೇಕಾಗಿಲ್ಲ. ಬೇಕಾದದ್ದು ಮೆಟ್ಟಿಲಿಳಿಯುವ ಮನಸ್ಸು. ಅದು ತಾನಾಗಿ ಬರುವುದಿಲ್ಲ ಅಂತ ಚರಿತ್ರೆ ನಮಗೆ ಕಲಿಸಿದೆ. ಕೆರೆಯ ನೀರು ಮುಟ್ಟಲು ನಮ್ಮವರು ನಡೆದೇ ಹೋಗಬೇಕಾಯಿತು.

ಈ ಹಾಳೆ ಓದುತ್ತಿರುವವರಲ್ಲಿ ಆಸ್ಪತ್ರೆಯ ಕೆಲಸದವರಿದ್ದೀರಿ. ಡಿ ಗ್ರೂಪಿನವರಿದ್ದೀರಿ, ನರ್ಸಿಂಗ್ ಓದುತ್ತಿರುವ ತಂಗಿಯರಿದ್ದೀರಿ, ಮೊದಲ ತಲೆಮಾರಿನ ಡಾಕ್ಟರುಗಳೂ ಒಬ್ಬಿಬ್ಬರು ಇದ್ದೀರಿ. ನಾಳೆ ಪಾಳಿಗೆ ಹೋದಾಗ ಪಕ್ಕದಲ್ಲಿ ದುಡಿಯುವವರ ಹೆಸರು ಕೇಳಿ, ನಿಮ್ಮ ಹೆಸರು ಹೇಳಿ. ಅವರು ಕಂಡದ್ದನ್ನು ಕೇಳಿ, ನೀವು ಕಂಡದ್ದನ್ನು ಹೇಳಿ. ಹೇಳಿದ್ದಕ್ಕೆ ಯಾರಾದರೂ ಗದರಿದರೆ ಆ ಮಾತನ್ನು ತಾರೀಖು ಹಾಕಿ ಬರೆದಿಟ್ಟುಕೊಳ್ಳಿ, ಮುಂದಿನ ಸಭೆಗೆ ತನ್ನಿ. ಈ ಏಳು ಬೇಡಿಕೆಗಳನ್ನು ನಿಮ್ಮ ನಿಮ್ಮ ಆಸ್ಪತ್ರೆಯ ಮುಖ್ಯಸ್ಥರಿಗೆ ಒಬ್ಬೊಬ್ಬರೇ ಹೋಗಿ ಕೊಡಬೇಡಿ. ಡಾಕ್ಟರು, ನರ್ಸು, ಆಯಾ, ಗುಡಿಸುವವರು, ಆಶಾ ಎಲ್ಲ ಒಟ್ಟಿಗೆ ಹೋಗಿ, ಒಂದೇ ಕಾಗದಕ್ಕೆ ಸಹಿ ಹಾಕಿ, ಸಹಿ ಬಾರದವರು ಹೆಬ್ಬೆಟ್ಟು ಒತ್ತಿ ಕೊಡಿ.

ಜೈ ಭೀಮ್.